ಏಳನೇ ದಿನದ ಮೊರ

ಶೂರ್ಪನಖಿಗೆ ಕೊಟ್ಟಿದ್ದು ಏಳು ನಿಮಿಷ. ಯಾವುದೋ ಉತ್ಸವದ ವೇದಿಕೆ, ಮುಂದೆ ಪ್ಲಾಸ್ಟಿಕ್ ಕುರ್ಚಿಗಳು, ಮೊದಲ ಸಾಲಿನಲ್ಲಿ ಶಾಲು ಹೊದ್ದವರು. ನಿರೂಪಕಿ "ಅಳಿವಿನಂಚಿನಲ್ಲಿರುವ ನಮ್ಮ ಹೆಮ್ಮೆಯ ಕಲೆ ಹಗಲುವೇಷ" ಎಂದಿದ್ದೇ ತಡ, ಶೂರ್ಪನಖಿ ಕೂದಲು ಕೆದರಿಕೊಂಡು ನುಗ್ಗಿದಳು. ಹಾರ್ಮೋನಿಯಂನವನು ಮೈಕಿಗೆ ಪೆಟ್ಟಿಗೆ ಹೊಂದಿಸುವಷ್ಟರಲ್ಲೇ ಎರಡು ನಿಮಿಷ ಹೋಗಿತ್ತು. ಆಮೇಲೆ ಅವಳು ತಾನು ಮಾಡಬೇಕಾದ್ದಕ್ಕೆ ಕೈ ಹಾಕಿದಳು. ಎದುರಿಗೆ ಇರುವವರಲ್ಲಿ ಒಬ್ಬನನ್ನು ಲಕ್ಷ್ಮಣ ಅಂತ ಆರಿಸಿಕೊಂಡು, ನನ್ನ ಮದುವೆಯಾಗು ಎಂದು ಗಂಟುಬೀಳಬೇಕು. ಆದರೆ ದೀಪಗಳು ಕಣ್ಣಿಗೆ ಹೊಡೆದು ಒಂದು ಮುಖವೂ ಕಾಣಲೊಲ್ಲದು. ಹಣೆಗೆ ಕೈ ಅಡ್ಡ ಹಿಡಿದು ಹುಡುಕಿದಳು. ಯಾರೂ ಸಿಗಲಿಲ್ಲ. ಕೊನೆಗೆ ಮೈಕಿನ ಕಂಬವನ್ನೇ ಲಕ್ಷ್ಮಣ ಮಾಡಿಕೊಂಡು ನಾಲ್ಕು ಮಾತಾಡಿ ಮುಗಿಸಿದಳು. ಹಾರ, ಪ್ರಮಾಣಪತ್ರ, ಫೋಟೊ. ನನ್ನ ಪಕ್ಕದಲ್ಲಿ ಕೂತಿದ್ದವರು ಸಂತೋಷದಿಂದ, "ಮನೆಮನೆ ತಿರುಗಿ ಬೇಡೋದು ತಪ್ಪಿತಲ್ರೀ, ಕಲೆಗೆ ಈಗ ಒಂದು ಮರ್ಯಾದೆ ಬಂತು" ಅಂದರು.

ಆ ಮಾತು ಅವರೊಬ್ಬರದೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಭಾಷಣದಲ್ಲಿ, ಪತ್ರಿಕೆಯ ಭಾನುವಾರದ ಪುಟದಲ್ಲಿ, ಜಾನಪದದ ವಿಚಾರ ಸಂಕಿರಣದಲ್ಲಿ ಇದೇ ಮಾತು. ಟಿವಿ ಬಂತು, ಮೊಬೈಲ್ ಬಂತು, ಹಗಲುವೇಷ ಸತ್ತಿತು. ಬೇಡುವುದನ್ನು ಬಿಡಿಸಿ ವೇದಿಕೆ ಹತ್ತಿಸಿದರೆ ಅದು ಬದುಕೀತು. ರೋಗ ಇದು, ಔಷಧ ಇದು. ನನ್ನ ತಿಳಿವಳಿಕೆಯಲ್ಲಿ ರೋಗವನ್ನೂ ತಪ್ಪು ಗುರುತಿಸಿದ್ದೇವೆ, ಕೊಡುತ್ತಿರುವ ಔಷಧವೇ ಈಗ ಹೊಸ ರೋಗವಾಗಿದೆ.

ನಾನು ಬಾತಿಯವನು. ದಾವಣಗೆರೆಗೂ ಹರಿಹರಕ್ಕೂ ನಡುವೆ, ಹಳೇ ಪಿ.ಬಿ. ರಸ್ತೆಯ ಮೇಲಿನ ಊರು. ಗುಡ್ಡದ ರೇವಣಸಿದ್ಧೇಶ್ವರನಿಗೂ ಚಮನ್ ಶಾ ವಲಿ ದರ್ಗಾಕ್ಕೂ ಒಂದೇ ಮನೆಯವರು ಹರಕೆ ಹೊರುವ ಕಡೆ. ವೇಷ ಎಂದರೆ ನಮಗೆ ಹೊಸದಲ್ಲ. ಮೊಹರಂ ಬಂದರೆ ಹುಲಿವೇಷ, ಮೈಲಾರದ ದಾರಿ ಹಿಡಿದ ಗೊರವಯ್ಯ ಬಂದರೆ ಕರಡಿಗೂದಲಿನ ಟೊಪ್ಪಿಗೆ, ಜಾತ್ರೆಗೆ ವೀರಗಾಸೆ. ಆಚೆ ಹರಿಹರದಲ್ಲಿ ಹೊಯ್ಸಳ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಗುಡಿಯೊಳಗೆ ದೇವರೇ ಅರ್ಧ ಹರ, ಅರ್ಧ ಹರಿಯ ವೇಷದಲ್ಲಿ ನಿಂತಿದ್ದಾನೆ. ಹಗಲುವೇಷದವರ ಅರ್ಧನಾರೀಶ್ವರ ನಮ್ಮೂರಿಗೆ ಬಂದಾಗ ಹೆಂಗಸರು ಬೆರಗಾಗದೆ, ಯಾವ ಕಡೆ ಕುಂಕುಮ ಯಾವ ಕಡೆ ವಿಭೂತಿ ಸರಿಯಾಗಿ ಇಟ್ಟಿದ್ದಾನೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತಿದ್ದರು.

ಅವರು ಬರುತ್ತಿದ್ದುದು ಸುಗ್ಗಿ ತೀರಿದ ಮೇಲೆ. ಕೆರೆಯ ಕಡೆ ಹುಣಸೆ ಮರದ ಬುಡಕ್ಕೆ ತಗಡಿನ ಟ್ರಂಕು, ಹಾರ್ಮೋನಿಯಂ, ತಬಲ, ಹೆಂಗಸರು ಮಕ್ಕಳು, ಕಾಲಿಗೆ ದಾರ ಕಟ್ಟಿದ ಒಂದೆರಡು ಕೋಳಿ. ಅವರವರಲ್ಲೇ ತೆಲುಗು ಬೆರೆತ ಮಾತು. ಆಂಧ್ರದ ಕಡೆ ಇದೇ ಆಟಕ್ಕೆ ಪಗಟಿ ವೇಷ ಎನ್ನುತ್ತಾರೆ, ನಮ್ಮಲ್ಲಿ ಬುಡ್ಗ ಜಂಗಮರು, ವೇಷಗಾರರು, ಜಾತಿಗಾರರು ಎಂದು ಕರೆಯುವುದುಂಟು. ಹಿರಿಯನೊಬ್ಬ ಊರ ಗೌಡರ ಮನೆಗೆ ಹೋಗಿ ಅಪ್ಪಣೆ ಕೇಳಬೇಕು. ಅಪ್ಪಣೆ ಸಿಕ್ಕಿತೋ, ನಮ್ಮಲ್ಲಿ ಏಳು ದಿನ ಆಟ. ಮೊದಲ ಆರು ದಿನ ದಿನಕ್ಕೊಂದು ವೇಷ, ಮನೆಮನೆಯ ಮುಂದೆ.

ಬೆಳಿಗ್ಗೆ ನಾವು ಹುಡುಗರು ಮರದ ಹತ್ತಿರ ಹೋಗಿ ಕೂರುತ್ತಿದ್ದೆವು. ಕನ್ನಡಿಯ ಚೂರನ್ನು ಮರದ ಬೊಡ್ಡೆಯ ಸೀಳಿಗೆ ಸಿಕ್ಕಿಸಿರುತ್ತಿದ್ದರು. ಎಡ ಅಂಗೈಯೇ ಬಟ್ಟಲು. ಅದರಲ್ಲಿ ಚಿಟಿಕೆ ಅರ್ದಾಳ, ಎರಡು ಹನಿ ಕೊಬ್ಬರಿ ಎಣ್ಣೆ, ಬೆರಳಿನಿಂದ ತಿಕ್ಕಿ ತಿಕ್ಕಿ ನುಣ್ಣಗಾದ ಮೇಲೆ ಮುಖಕ್ಕೆ. ತುಟಿಗೆ ಇಂಗಳೀಕ, ಕಣ್ಣಿನ ಸುತ್ತ ಬಿಳಿ, ಹುಬ್ಬಿಗೆ ದೀಪದ ಕಾಡಿಗೆ. ರಾತ್ರಿಯ ಬಯಲಾಟದವನ ಬಣ್ಣ ಇಪ್ಪತ್ತು ಮಾರು ದೂರದಿಂದ ನೋಡಲು ಮಾಡಿದ್ದು. ಇವರದು ಹಾಗಲ್ಲ. ಹನ್ನೊಂದು ಗಂಟೆಯ ಬಿಸಿಲಲ್ಲಿ, ಹೊಸ್ತಿಲ ಮೇಲೆ ನಿಂತ ಅಜ್ಜಿಯ ಮೂಗಿಗೆ ಮೂಗು ತಾಗುವಷ್ಟು ಹತ್ತಿರದಲ್ಲಿ, ಈ ಬಣ್ಣ ನಂಬಿಸಬೇಕು. ಹಗಲು ಎಂಬ ಮಾತು ಆ ಹೆಸರಿನಲ್ಲಿ ಸುಮ್ಮನೆ ಬಂದಿಲ್ಲ. ಕತ್ತಲೆಯ ಸಹಾಯವಿಲ್ಲದ ವೇಷ ಅದು. ಹನುಮಂತ ಹೋಟೆಲಿನ ಬೆಂಚಿನ ಮೇಲೆ ಬಾಲವನ್ನು ತೊಡೆಯ ಮೇಲೆ ಮಡಚಿಟ್ಟುಕೊಂಡು ಚಹಾ ಕುಡಿಯುತ್ತಿದ್ದ. ಲಾರಿಯವನು ಅವನಿಗೆ ಕೈಮುಗಿದೇ ಬೀಡಿ ಕೊಟ್ಟಿದ್ದನ್ನು ನೋಡಿದ್ದೇನೆ. ಹನುಮಂತ ಹಚ್ಚಿಕೊಂಡ.

ಹಗಲುವೇಷದವರನ್ನು ರಾಮಾಯಣ ಮಹಾಭಾರತ ಸಾರುವ ಸಾತ್ವಿಕರು ಎಂದು ಹೊಗಳುವವರು ಅವರ ಆಟವನ್ನು ಒಂದು ದಿನ ಮಾತ್ರ ನೋಡಿರಬೇಕು. ಕಥೆ ನೆಪ. ಆಟದ ಜೀವ ಹಾಸ್ಯದವನ ಬಾಯಲ್ಲಿದೆ. ಅವನು ಮೊದಲ ಎರಡು ದಿನ ಹೆಚ್ಚು ಮಾತಾಡುವುದಿಲ್ಲ, ಕೇಳಿಸಿಕೊಳ್ಳುತ್ತಾನೆ. ಯಾರ ಹೊಲದ ಬದು ಯಾರು ಒತ್ತಿದ್ದಾರೆ, ಯಾರ ಮಗಳ ಮದುವೆ ಎರಡು ಸಲ ಮುರಿಯಿತು, ನೀರಗಂಟಿ ಯಾರ ಗದ್ದೆಗೆ ರಾತ್ರಿ ಹೊತ್ತು ತೂಬು ಎತ್ತುತ್ತಾನೆ. ಮೂರನೇ ದಿನದಿಂದ ಇವೆಲ್ಲ ಕಥೆಯೊಳಕ್ಕೆ ಬರತೊಡಗುತ್ತವೆ. ಭೀಮ ಬಕಾಸುರನನ್ನು ಹುಡುಕುತ್ತ ಬಂದು ನಿಲ್ಲುವುದು ಊರಿನ ಅತಿ ಜಿಪುಣನ ಬಾಗಿಲಿಗೆ. ಗೌಡರ ಮನೆಯ ಮುಂದೆ ಗೌಡರದೇ ಕೆಮ್ಮು, ಗೌಡರದೇ ನಡಿಗೆ. ಗೌಡರು ನಗಬೇಕು. ನಗದಿದ್ದರೆ ಊರು ನಗುತ್ತದೆ. ಇಂಥ ಸಲಿಗೆ ಆ ಊರಿನ ಬೇರೆ ಯಾವ ಬಡವನಿಗೂ ಇರಲಿಲ್ಲ. ಬಣ್ಣ ತೊಳೆದ ಮೇಲೆ ಅವನಿಗೂ ಇರಲಿಲ್ಲ.

ಏಳು ನಿಮಿಷದ ವೇದಿಕೆಯಲ್ಲಿ ಇದರಲ್ಲಿ ಯಾವುದು ಸಾಧ್ಯ? ಶೂರ್ಪನಖಿಗೆ ಎದುರಿಗಿರುವವರ ಹೆಸರು ಗೊತ್ತಿಲ್ಲ. ಮೊದಲ ಸಾಲಿನ ಶಾಲಿನವರನ್ನು ಅಣಕಿಸಿದರೆ ಮುಂದಿನ ವರ್ಷ ಕರೆ ಬರುವುದಿಲ್ಲ. ಉಳಿಯುವುದು ಬಣ್ಣ ಮತ್ತು ಕಿರುಚಾಟ. ಅದನ್ನು ನೋಡಿ ಶಹರದವರು "ಸ್ವಲ್ಪ ಒರಟು ಕಲೆ" ಎಂದು ಎದ್ದು ಹೋಗುತ್ತಾರೆ.

ಇನ್ನು ಟಿವಿಯ ಮಾತು. ದೂರದರ್ಶನದಲ್ಲಿ ರಾಮಾಯಣ ಬಂದದ್ದು 1987-88ರಲ್ಲಿ. ಭಾನುವಾರ ಬೆಳಿಗ್ಗೆ ಊರಿನ ಮೂರ್ನಾಲ್ಕು ಟಿವಿಗಳ ಮುಂದೆ ಊರೆಲ್ಲ ಇರುತ್ತಿತ್ತು, ಕೆಲವರು ಟಿವಿಗೆ ಊದುಬತ್ತಿ ಹಚ್ಚುತ್ತಿದ್ದರು. ಆ ಬೇಸಿಗೆಯಲ್ಲಿ ಬಂದ ಹಗಲುವೇಷದ ರಾಮ ಅರುಣ್ ಗೋವಿಲ್‌ನ ನಗೆಯನ್ನೇ ನಕ್ಕ! ಒಂದು ಕೈ ಎತ್ತಿ, ತುಟಿಯನ್ನು ಅರ್ಧ ಅರಳಿಸಿ. ಹಾಸ್ಯದವನು ತಕ್ಷಣ ಅವನ ಮುಂದೆ ಊದುಬತ್ತಿ ಹಚ್ಚಿ, "ಸ್ವಾಮೀ, ಕರೆಂಟ್ ಹೋದ್ರೆ ನೀವೂ ಹೋಗ್ತೀರೋ?" ಅಂದ. ಟಿವಿಯನ್ನು ಅವರು ನುಂಗಿ ನೀರು ಕುಡಿದಿದ್ದರು. ಸಿನಿಮಾವನ್ನು ಅದಕ್ಕೂ ಮೊದಲೇ ನುಂಗಿದ್ದರು. ಹೊಸದಾಗಿ ಬಂದದ್ದನ್ನು ಅಣಕಿಸಿ ಬದುಕುವ ಕಲೆಯನ್ನು ಹೊಸದು ಕೊಲ್ಲುತ್ತದೆ ಎಂಬ ವಾದ ನನಗೆ ಅರ್ಥವಾಗುವುದಿಲ್ಲ.

ಕೊಂದದ್ದು ಬೇರೆ. ಮೊದಲು ಕಣ ಹೋಯಿತು. ಭದ್ರಾ ನಾಲೆ ಬಂದು ನಮ್ಮ ಕಡೆ ಭತ್ತ ಹೆಚ್ಚಿದ್ದು ನಿಜ, ಆದರೆ ಅದು ಕಣಕ್ಕೆ ಬರುವುದು ನಿಂತಿತು. ಈಗ ಕಟಾವು ಯಂತ್ರ ಗದ್ದೆಗೇ ಇಳಿಯುತ್ತದೆ, ಗಂಟೆ ಲೆಕ್ಕದಲ್ಲಿ ಬಾಡಿಗೆ. ಒಂದು ಕಡೆ ಹುಲ್ಲು, ಒಂದು ಕಡೆ ಕಾಳು, ಕಾಳು ಟ್ರ್ಯಾಕ್ಟರಿನ ಟ್ರೇಲರಿಗೆ, ಅಲ್ಲಿಂದ ರೈಸ್ ಮಿಲ್ಲಿಗೆ. ರಾಶಿ ಎಂಬುದೇ ಇಲ್ಲ. ರಾಶಿ ಇದ್ದಾಗ ಅದರ ಸುತ್ತ ಆಯಗಾರರು, ಬಡಗಿ, ಕಂಬಾರ, ತಳವಾರ, ಅವರ ಹಿಂದೆ ವೇಷದವರು, ಗೊರವರು, ಸುಡುಗಾಡು ಸಿದ್ಧರು. ಮೊರದಲ್ಲಿ ಮೊಗೆದು ಹಾಕುವಾಗ ರೈತನಿಗೆ ಅದು ಖರ್ಚು ಎನಿಸುತ್ತಿರಲಿಲ್ಲ. ಬ್ಯಾಂಕಿನ ಖಾತೆಗೆ ಜಮಾ ಆದ ದುಡ್ಡನ್ನು ಮೊರದಲ್ಲಿ ಮೊಗೆಯುವುದು ಹೇಗೆ? ನಮ್ಮ ಮನೆಯಲ್ಲಿ ಈಗ ಅಕ್ಕಿ ಅಂಗಡಿಯಿಂದ ಚೀಲದಲ್ಲಿ ಬರುತ್ತದೆ. ಭತ್ತ ಬೆಳೆಯುವವರ ಮನೆ ಅದು.

ಮೊಬೈಲ್ ಕೊಂದಿತು ಎನ್ನುವವರ ಮಾತಿನಲ್ಲಿ ಒಂದು ಸತ್ಯವಿದೆ, ಅವರಿಗೆ ಗೊತ್ತಿಲ್ಲದ ಸತ್ಯ. 2018ರ ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನಪಾಡಾದಲ್ಲಿ ನಾಥಪಂಥಿ ಡವರಿ ಗೋಸಾವಿ ಎಂಬ ಅಲೆಮಾರಿ ಸಮುದಾಯದ ಐದು ಜನರನ್ನು ಮಕ್ಕಳ ಕಳ್ಳರೆಂದು ಹೊಡೆದು ಕೊಂದರು. ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಸುಳ್ಳು ಅದಕ್ಕೆ ಕಾರಣ. ಅವರು ತಲೆಮಾರುಗಳಿಂದ ಬೇಡಿ ತಿನ್ನುತ್ತಿದ್ದ ಜನ. ಆ ವರ್ಷ ನಮ್ಮ ರಾಜ್ಯದ ಊರುಗಳಲ್ಲೂ ಅದೇ ಸುಳ್ಳು ಸುತ್ತಿತು, ಇಲ್ಲೂ ಜೀವ ತೆಗೆಯಿತು. ಗುರುತಿಲ್ಲದವನು ಬಣ್ಣ ಹಚ್ಚಿಕೊಂಡು, ಜೋಳಿಗೆ ಹಾಕಿಕೊಂಡು, ಮಕ್ಕಳ ಗುಂಪು ಕಟ್ಟಿಕೊಂಡು ಊರೊಳಗೆ ತಿರುಗುವುದೇ ಹಗಲುವೇಷ. ಮೊಬೈಲಿನಲ್ಲಿ ಮನರಂಜನೆ ಸಿಕ್ಕಿದ್ದರಿಂದ ಜನ ಅವರನ್ನು ಬಿಟ್ಟರು ಎನ್ನುವುದಕ್ಕಿಂತ, ಮೊಬೈಲಿನಲ್ಲಿ ಭಯ ಸಿಕ್ಕಿದ್ದರಿಂದ ಅವರು ಊರುಗಳನ್ನು ಬಿಟ್ಟರು ಎನ್ನಬೇಕು.

ಇದರ ಮೇಲೆ ಕಾನೂನು. ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆ 1975ರದು. ನಿಮ್ಮ ಮನೆಯ ಆಸ್ತಿ ತೆರಿಗೆ ರಸೀದಿ ತೆಗೆದು ನೋಡಿ, ಭಿಕ್ಷುಕರ ಹೆಸರಿನಲ್ಲಿ ಶೇಕಡ 3ರ ಕರ ಅದರಲ್ಲೇ ಕೂತಿರುತ್ತದೆ. ನೆರೆಯ ಮಹಾರಾಷ್ಟ್ರಕ್ಕೆ ಅನ್ವಯಿಸುವ 1959ರ ಮುಂಬಯಿ ಕಾಯ್ದೆ ಬಿಚ್ಚಿಯೇ ಹೇಳುತ್ತದೆ: ಹಾಡುವುದು, ಕುಣಿಯುವುದು, ಆಟ ತೋರಿಸುವುದು ಎಂಬ ನೆಪದಲ್ಲಿ ಕೈಯೊಡ್ಡಿದರೂ ಅದು ಭಿಕ್ಷೆಯೇ. ದೆಹಲಿಗೆ ವಿಸ್ತರಿಸಿದ್ದ ಇದೇ ಕಾಯ್ದೆಯ ಹಲವು ಕಲಮುಗಳನ್ನು 2018ರಲ್ಲಿ ಅಲ್ಲಿಯ ಹೈಕೋರ್ಟ್ ರದ್ದುಮಾಡಿತು. ನಮ್ಮ ಕಾನೂನಿನ ಕಣ್ಣಿಗೆ ಕಲೆ ಎಂಬುದು ನೆಪ, ಹಸಿವು ಅಪರಾಧ.

ಇಲ್ಲಿಗೆ ನನ್ನ ಮುಖ್ಯ ತಕರಾರಿಗೆ ಬರುತ್ತೇನೆ. ಕೇಳುವುದು ಹಗಲುವೇಷಕ್ಕೆ ಅಂಟಿದ ಕೊಳೆ ಎಂದೇ ಎಲ್ಲರೂ ಹಿಡಿದಿದ್ದಾರೆ, ತೊಳೆದರೆ ಒಳಗೆ ಶುದ್ಧ ಕಲೆ ಸಿಗುತ್ತದಂತೆ. ದಾವಣಗೆರೆಯವರು ಹೀಗೆ ಹೇಳುವುದು ನನಗೆ ಹೆಚ್ಚು ಆಶ್ಚರ್ಯ. ಇದು ನಾಟಕ ಕಂಪನಿಗಳ ಊರು. ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದು. ಚಿಂದೋಡಿ ಲೀಲಾ ಅವರಿಗೆ 1988ರಲ್ಲಿ ಪದ್ಮಶ್ರೀ ಬಂದಾಗ ಊರಿಗೇ ಬಂದಂತಾಗಿತ್ತು. ಕಂಪನಿಯವರೂ ಊರೂರು ತಿರುಗುತ್ತಿದ್ದರು, ಕ್ಯಾಂಪ್ ಹಾಕುತ್ತಿದ್ದರು, ಹೆಂಡತಿ ಮಕ್ಕಳು, ಟ್ರಂಕು, ಹಾರ್ಮೋನಿಯಂ ಜೊತೆಗೇ ಇರುತ್ತಿದ್ದವು. ಎರಡಕ್ಕೂ ನಡುವೆ ನನಗೆ ಕಾಣುವ ವ್ಯತ್ಯಾಸ ಒಂದೇ. ಕಂಪನಿಯವರು ದುಡ್ಡು ಮೊದಲು ಇಸಿದುಕೊಂಡು ಆಟ ತೋರಿಸಿದರು, ಹಗಲುವೇಷದವರು ಆಟ ತೋರಿಸಿ ಆಮೇಲೆ ಕೇಳಿದರು. ಮೊದಲು ಕೇಳಿದ್ದು ಟಿಕೆಟ್, ಆಮೇಲೆ ಕೇಳಿದ್ದು ಭಿಕ್ಷೆ! ಆರು ದಿನ ಉದ್ರಿ ಆಡಿ, ಚೆನ್ನಾಗಿತ್ತೋ ಇಲ್ಲವೋ ನೀವೇ ತೂಗಿ ಕೊಡಿ ಎನ್ನುವವನಿಗೆ ಎಂಥ ಧೈರ್ಯ ಇರಬೇಕು. ಯಾವ ಸಿನಿಮಾದವನು ಹಾಗೆ ಮಾಡಿಯಾನು?

ಕೇಳುವುದು ಆಟದ ಹೊರಗೂ ಇಲ್ಲ, ಒಳಗೇ ಇದೆ. ಇದನ್ನು ಚೆನ್ನಾಗಿ ಉಳಿಸಿಕೊಂಡವರನ್ನು ನೋಡಬೇಕಾದರೆ ಬಹಳ ದೂರ ಹೋಗಬೇಕು, ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪಕ್ಕೆ. ಅಲ್ಲಿಯ ಕಾರ್ನಿವಲ್ ಎಂದರೆ ನಮ್ಮವರಿಗೆ ಗರಿ, ಮಣಿ, ಅರೆಬಟ್ಟೆಯ ಮೆರವಣಿಗೆ. ಅದು ಈಚಿನದು. ಗುಲಾಮಗಿರಿ ಕಳಚಿದ ಮೇಲೆ ಕಪ್ಪು ಜನ ಬೀದಿಗಿಳಿದು ಕಟ್ಟಿದ ಹಳೆಯ ವೇಷಗಳು ಬೇರೆ ಇವೆ. ಅವಕ್ಕಾಗಿ 1881ರಲ್ಲಿ ಪೊಲೀಸರ ಜೊತೆ ಬೀದಿಕಾಳಗವೇ ಆಯಿತು. ಮಧ್ಯರಾತ್ರಿಯ ದರೋಡೆಕೋರ ಎಂಬ ವೇಷವಿದೆ. ಕೊಡೆಯಷ್ಟು ಅಗಲದ ಟೊಪ್ಪಿಗೆ, ಮೇಲಂಗಿ, ಬಾಯಲ್ಲಿ ಸೀಟಿ, ಕೈಯಲ್ಲಿ ಶವಪೆಟ್ಟಿಗೆಯ ಆಕಾರದ ಹಣದ ಡಬ್ಬಿ. ದಾರಿಹೋಕನನ್ನು ಅಡ್ಡಗಟ್ಟಿ, ತಾನು ಹುಟ್ಟಿದ ದಿನ ಭೂಮಿ ನಡುಗಿತೆಂದು ಶುರುಮಾಡಿ ಉಸಿರು ಬಿಡದೆ ಬೊಗಳೆ ಕೊಚ್ಚುತ್ತಾನೆ. ಕಾಸು ಬೀಳುವವರೆಗೆ ಬಿಡುವುದಿಲ್ಲ. ಕಬ್ಬಿನ ತೋಟದ ಕಾಕಂಬಿಯನ್ನು ಮೈಗೆ ಬಳಿದುಕೊಂಡ ದೆವ್ವಗಳಿವೆ, ದುಡ್ಡು ಕೊಡದಿದ್ದರೆ ನಿಮ್ಮ ಬಟ್ಟೆಗೂ ಒರೆಸುತ್ತವೆ. ಪರಾಮಿನ್ ಎಂಬ ಗುಡ್ಡದೂರಿನಲ್ಲಿ ಅದೇ ದೆವ್ವ ನೀಲಿ ಬಣ್ಣ ಬಳಿದುಕೊಂಡು ಈಗಲೂ ಇಳಿಜಾರು ಬೀದಿಯಲ್ಲೇ ಕುಣಿಯುತ್ತದೆ, ದೆವ್ವಕ್ಕೆ ಕಾಸು ಕೊಡು ಎಂದೇ ಕೂಗುತ್ತದೆ. ಅಲ್ಲಿಯೂ ಇವನ್ನೆಲ್ಲ ಉಳಿಸಲೆಂದು ವೇದಿಕೆ, ಸ್ಪರ್ಧೆ, ತೀರ್ಪುಗಾರರು ಬಂದಿದ್ದಾರೆ. ಆದರೆ ವೇಷದ ಕೈಯಿಂದ ಡಬ್ಬಿಯನ್ನು ಕಿತ್ತುಕೊಂಡು, ಈಗ ನಿನಗೆ ಮರ್ಯಾದೆ ಬಂತು ಎಂದು ಅಲ್ಲಿಯವರು ಹೇಳಿಲ್ಲ. ಕೇಳದ ದರೋಡೆಕೋರ ದರೋಡೆಕೋರನೇ ಅಲ್ಲ ಎಂದು ಅವರಿಗೆ ಗೊತ್ತು. (1845ರಿಂದ 1917ರವರೆಗೆ ಕೂಲಿ ಕರಾರಿನ ಮೇಲೆ ಹಡಗು ಹತ್ತಿ ಹೋದ ನಮ್ಮ ದೇಶದವರೂ ಆ ದ್ವೀಪಕ್ಕೆ ಮೊಹರಂ ತೆಗೆದುಕೊಂಡು ಹೋದರು. 1884ರಲ್ಲಿ ಆ ಮೆರವಣಿಗೆಯ ಮೇಲೂ ಪೊಲೀಸರು ಗುಂಡು ಹಾರಿಸಿದರು. ಬೀದಿಯಲ್ಲಿ ವೇಷ ಕಂಡರೆ ಸರ್ಕಾರಗಳಿಗೆ ಎಲ್ಲ ಕಡೆಯೂ ಒಂದೇ ನಡುಕ.)

ಅಷ್ಟು ದೂರವೂ ಬೇಡ. ಮೊಹರಂನಲ್ಲಿ ನಮ್ಮ ಮನೆಗಳ ಮಕ್ಕಳೇ ಕೊರಳಿಗೆ ಲಾಡಿ ಹಾಕಿಕೊಂಡು ಫಕೀರರಾಗುತ್ತಾರೆ, ಐದು ಮನೆ ಬೇಡಿ ಬರಬೇಕು. ಲಿಂಗಾಯತರ ಮನೆಯ ಹುಡುಗ, ಜೇಬಲ್ಲಿ ಐನೂರು ರೂಪಾಯಿ ಇದ್ದರೂ ಕೈಯೊಡ್ಡಬೇಕು, ಹರಕೆ ಹಾಗಿದೆ. ಮುಂಜಿಯ ವಟು ತಾಯಿಯ ಮುಂದೆ ನಿಂತು ಭಿಕ್ಷೆ ಕೇಳುತ್ತಾನೆ. ಮಠದ ಜಂಗಮರು ಜೋಳಿಗೆ ಹಿಡಿದು ಬಂದರೆ ಪಾದ ತೊಳೆಯುತ್ತೇವೆ. ಅದು ಭಕ್ತಿ ಕಾಣಿಕೆ, ಬೇಡುವಿಕೆಯಲ್ಲ. ಹಾಗಾದರೆ ಅವಮಾನ ಇರುವುದು ಕೈಯೊಡ್ಡುವುದರಲ್ಲೋ, ಒಡ್ಡಿದ ಕೈ ಯಾರದು ಎಂಬುದರಲ್ಲೋ? ಹಗಲುವೇಷದವನನ್ನು ಅರುವತ್ತು ವರ್ಷವಾಗಿದ್ದರೂ ನಮ್ಮೂರಿನ ಹತ್ತು ವರ್ಷದ ಹುಡುಗ "ಏ, ಬಾರಲೇ" ಎನ್ನುತ್ತಿದ್ದ. ನಾನೂ ಅಂದಿದ್ದೇನೆ. ರಾಮನ ವೇಷದಲ್ಲಿದ್ದಾಗ ಜಗಲಿಯ ಮೇಲೆ ಕೂರಿಸಿ ಹಾಲು ಕೊಟ್ಟವರು, ಬಣ್ಣ ತೊಳೆದು ಬಂದರೆ ಅಂಗಳದಲ್ಲೇ ನಿಲ್ಲಿಸುತ್ತಿದ್ದರು. ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿ ಬೇಡ ಜಂಗಮ, ಬುಡ್ಗ ಜಂಗಮ ಎಂಬ ಹೆಸರಿದೆ. ಆ ಹೆಸರಿನ ಪ್ರಮಾಣಪತ್ರಕ್ಕಾಗಿ ವೀರಶೈವ ಜಂಗಮರಲ್ಲಿ ಕೆಲವರು ಅರ್ಜಿ ಹಾಕಿದ್ದು, ಕೋರ್ಟು ಕಚೇರಿಯ ಗಲಾಟೆ, ಪೇಪರು ಓದುವವರಿಗೆ ಗೊತ್ತು. ಪಟ್ಟಿಯಲ್ಲಿನ ಹೆಸರು ಎಲ್ಲರಿಗೂ ಬೇಕು. ಆ ಹೆಸರಿನವನ ಜೋಳಿಗೆ ಮಾತ್ರ ಯಾರಿಗೂ ಬೇಡ.

ನನ್ನ ಮಾತಿಗೆ ಒಂದು ಗಟ್ಟಿ ಎದುರುತ್ತರವಿದೆ, ಅದನ್ನು ನಾನೇ ಹೇಳುತ್ತೇನೆ. ವೇಷದವರ ಮಕ್ಕಳೇ ಈ ಕೆಲಸ ಒಲ್ಲೆ ಎನ್ನುತ್ತಿದ್ದಾರೆ. ಶಾಲೆಯಲ್ಲಿ ಸಹಪಾಠಿಯ ಮನೆ ಬಾಗಿಲಿಗೆ ಅಪ್ಪ ಹನುಮಂತನಾಗಿ ಹೋಗಿ ನಿಂತರೆ ಮಾರನೇ ದಿನ ಆ ಹುಡುಗ ತರಗತಿಯಲ್ಲಿ ತಲೆ ಎತ್ತುವುದು ಹೇಗೆ? ನೀನು ಪಟ್ಟಣದಲ್ಲಿ ಕೂತು ಅವರು ಬೇಡಿಕೊಂಡೇ ಇರಲಿ ಎನ್ನುತ್ತೀಯಲ್ಲ ಎಂದು ಆ ಹುಡುಗ ಕೇಳಿದರೆ ನನ್ನಲ್ಲಿ ಉತ್ತರವಿಲ್ಲ. ಅವನು ಕಂಡಕ್ಟರ್ ಆಗಲಿ, ನರ್ಸ್ ಆಗಲಿ, ತಹಸೀಲ್ದಾರ್ ಆಗಲಿ. ಕಲೆ ಉಳಿಸಲಿಕ್ಕೆ ಯಾರ ಮಗನೂ ಹರಕೆಯ ಕುರಿಯಾಗಬೇಕಿಲ್ಲ. ನಾನು ಹೇಳುವುದಿಷ್ಟೇ: ಆಡುವವರು ಆಡಲಿ ಎಂದು ನಾವು ನಿಜವಾಗಿ ಬಯಸುವುದಾದರೆ ಅವರಿಗೆ ಬೇಕಾದ್ದು ಏಳು ನಿಮಿಷವಲ್ಲ, ಏಳು ದಿನ. ಪಂಚಾಯಿತಿಯವರು ಬೇಸಿಗೆಯಲ್ಲಿ ಒಂದು ಮೇಳವನ್ನು ಕರೆದು, ಇವರು ಇಂಥವರು ಎಂದು ಡಂಗುರ ಸಾರಿಸಿ, ಇಳಿಯಲು ಸಮುದಾಯ ಭವನ ಕೊಟ್ಟರೆ ಹೆಚ್ಚು ಖರ್ಚಿಲ್ಲ. ಹಾರ, ಶಾಲು, ಶಾಮಿಯಾನದ ಬಾಡಿಗೆಗಿಂತ ಖಂಡಿತ ಕಡಿಮೆ. ಹಳ್ಳಿಯವರು ಬರಲೊಲ್ಲರು ಎನ್ನುತ್ತೀರಾದರೆ, ದಾವಣಗೆರೆಯ ಬಡಾವಣೆಗಳಲ್ಲೇ ಮಾಡಿ ನೋಡಿ. ಬಾಗಿಲಲ್ಲಿ ಕ್ಯಾಮೆರಾ, ಗೇಟಿನಲ್ಲಿ ನಾಯಿಯ ಬೋರ್ಡು ಇರುವ ಬೀದಿಯಲ್ಲಿ ಹಾಸ್ಯದವನಿಗೆ ಸಾಮಗ್ರಿ ಕಡಿಮೆಯೇ?

ಹನ್ನೆರಡನೇ ಶತಮಾನದಲ್ಲಿ ಬಹುರೂಪಿ ಚೌಡಯ್ಯ ಎಂಬ ವಚನಕಾರ ಇದ್ದ. ವೇಷ ಕಟ್ಟಿ ಆಡುವುದೇ ಅವನ ಕಾಯಕ, ನಗೆಯ ಮಾರಿತಂದೆಯದು ನಗಿಸುವ ಕಾಯಕ. ಇಬ್ಬರೂ ಕಾಯಕ ಬಿಟ್ಟು ಶರಣರಾಗಲಿಲ್ಲ, ಕಾಯಕದಿಂದಲೇ ಆದರು. ಮೈಸೂರಿನ ರಂಗಾಯಣ 2001ರಿಂದ ನಡೆಸುತ್ತಿರುವ ನಾಟಕೋತ್ಸವದ ಹೆಸರೂ ಬಹುರೂಪಿ. ಒಳ್ಳೆಯ ಉತ್ಸವ, ನಾನೂ ಟಿಕೆಟ್ ಕೊಂಡು ಹೋಗಿದ್ದೇನೆ. ಬಹುರೂಪಿ ಎಂಬ ಪದಕ್ಕೆ ಸಾಲಿನಲ್ಲಿ ನಿಂತು ದುಡ್ಡು ಕೊಡುವ ನಾವು, ಬಹುರೂಪಿ ಎಂಬ ಮನುಷ್ಯ ಗೇಟು ತಟ್ಟಿದರೆ ಚಿಲ್ಲರೆ ಇಲ್ಲ ಎನ್ನುತ್ತೇವೆ.

ಏಳನೇ ದಿನ ವೇಷ ಇರುವುದಿಲ್ಲ. ಆರು ದಿನ ಆಡಿದವರೇ ಬಣ್ಣ ತೊಳೆದು, ಬಿಳಿ ಪಂಚೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಬರುತ್ತಾರೆ. ಒಂದು ವರ್ಷ ನಮ್ಮ ಬಾಗಿಲಿಗೆ ಬಂದವನು ಬಹಳ ಸಣಕಲು, ಕೆನ್ನೆ ಒಳಕ್ಕೆ ಹೋದ, ಕಿವಿಯ ಹಿಂದೆ ಅರ್ದಾಳದ ಹಳದಿ ಇನ್ನೂ ಉಳಿದಿದ್ದ ಮನುಷ್ಯ. ಅವ್ವ ಒಳಗಿನಿಂದಲೇ, "ಯಾರಪ್ಪಾ ನೀನು, ಯಾವೂರು?" ಅಂದಳು.

"ಯವ್ವಾ, ಆರು ದಿನದಿಂದ ನಿಮ್ಮ ಬಾಗಿಲಾಗೆ ನಿಂತೀನಿ."

"ನಾ ನೋಡೇ ಇಲ್ಲಪ್ಪ ನಿನ್ನ."

ಅವನು ಒಂದು ಗಳಿಗೆ ಸುಮ್ಮನೆ ನಿಂತ. ಆಮೇಲೆ ಚೀಲವನ್ನು ಕೆಳಗಿಟ್ಟು, ಕೂದಲಿಲ್ಲದ ತಲೆಯ ಮೇಲೆ ಎರಡೂ ಕೈಯಿಂದ ಇಲ್ಲದ ಜಡೆಯನ್ನು ಕೆದರಿ, ಕತ್ತು ಓರೆ ಮಾಡಿ, ನನ್ನ ಕಡೆ ನೋಡಿ ಲಕ್ಷ್ಮಣಾ ಎಂದು ಒಂದೇ ಒಂದು ಸಲ ನಕ್ಕ. ಬೀದಿಯ ನಾಯಿ ಎದ್ದು ಓಡಿತು. ಅವ್ವ ಬಾಯಿಗೆ ಸೆರಗು ಹಿಡಿದುಕೊಂಡು ಒಳಗೆ ಮೊರ ತರಲು ಹೋದಳು.